ಗಾಡ್ಜಿಲ್ಲಾ ಸೂಟ್ ಒಳಗಿದ್ದವರು

ನಮಸ್ಕಾರ, ಎಲ್ಲರೂ ಚೆನ್ನಾಗಿದ್ದೀರಾ? ಜಪಾನಿ ಸಿನಿಮಾಗಳ ದೈತ್ಯ ಪ್ರಾಣಿ ಗಾಡ್ಜಿಲ್ಲಾದ ಸೂಟ್ ಹಾಕಿ ನಟಿಸಿದವರ ಬಗ್ಗೆ ನಾನು ಮಾಡುತ್ತಿರುವ ಡಾಕ್ಯುಮೆಂಟರಿ ಎಲ್ಲಿಗೆ ಬಂತು ಅಂತ ತುಂಬಾ ಜನ ಕೇಳುತ್ತಿದ್ದೀರಿ. ಎಡಿಟಿಂಗ್ ನಡೆಯುತ್ತಿದೆ. ಇವತ್ತು ಹರುವೊ ನಕಾಜಿಮಾ ಅವರ ಬಗ್ಗೆ ಮಾತಾಡೋಣ, ಯಾಕಂದ್ರೆ ನನ್ನ ಇಡೀ ಕೆಲಸ ನಿಂತಿರುವುದೇ ಅವರ ಮೇಲೆ.

1954ರ ಮೊದಲ ಗಾಡ್ಜಿಲ್ಲಾದಿಂದ 1972ರವರೆಗೆ 12 ಸಿನಿಮಾಗಳಲ್ಲಿ ಆ ಸೂಟ್ ಹಾಕಿದವರು ಇವರು. ಮೊದಲ ಸೂಟ್ ಸುಮಾರು 100 ಕೆಜಿ. ಎಷ್ಟು ಗಡಸಾಗಿತ್ತು ಅಂದ್ರೆ ಕಾಲೆತ್ತುವುದೇ ಕಷ್ಟ. ಕೊನೆಗೆ ಅದನ್ನು ಸೊಂಟದ ಹತ್ತಿರ ಕತ್ತರಿಸಿ, ಕೆಳಗಿನ ಅರ್ಧವನ್ನು ಪ್ಯಾಂಟ್ ತರಹ ತೊಟ್ಟು, ಬರೀ ಕಾಲು ಕಾಣುವ ಶಾಟ್‌ಗಳಿಗೆ ಬಳಸಿದರು. ಉಳಿದ ಶಾಟ್‌ಗಳಿಗೆ ಹಗುರವಾದ ಇನ್ನೊಂದು ಸೂಟ್ ಬಂತು. ನಡಿಗೆಗಾಗಿ ನಕಾಜಿಮಾ ಟೋಕಿಯೋದ ಉಯೆನೊ ಝೂಗೆ ಹೋಗಿ ಆನೆ, ಕರಡಿ ಹೆಜ್ಜೆ ಇಡುವುದನ್ನು ನೋಡುತ್ತಿದ್ದರಂತೆ.

ಈಗ ಸ್ಕ್ರೀನ್ ನೋಡಿ. ಇದು ನಾನು ಮಾಡಿದ ಪುಟ್ಟ ಪ್ಲಾಸ್ಟರ್ ಗೋಡೆ. ಮೊದಲು ಸೆಕೆಂಡಿಗೆ 24 ಫ್ರೇಮ್‌ನಲ್ಲಿ, ಅಂದ್ರೆ ಸಿನಿಮಾದ ಮಾಮೂಲಿ ವೇಗದಲ್ಲಿ ಬೀಳುತ್ತದೆ. ಟಪ್ ಅಂತ ಬಿತ್ತು, ಆಟದ ಸಾಮಾನು ಅಂತ ಗೊತ್ತಾಗಿಬಿಡುತ್ತದೆ ಅಲ್ವಾ? ಇದೇ ಗೋಡೆ, ಸೆಕೆಂಡಿಗೆ 120 ಫ್ರೇಮ್‌ನಲ್ಲಿ ತೆಗೆದು ಮಾಮೂಲಿ ವೇಗದಲ್ಲಿ ತೋರಿಸಿದಾಗ. ಬಿರುಕು ನಿಧಾನಕ್ಕೆ ಮೇಲೇರುತ್ತದೆ, ಧೂಳು ಉರುಳಿಕೊಂಡು ಬರುತ್ತದೆ, ಕಣ್ಣಿಗೆ ಅದು ನಾಲ್ಕು ಅಂತಸ್ತಿನ ಕಟ್ಟಡ. ಸ್ಪೆಷಲ್ ಎಫೆಕ್ಟ್ಸ್ ನೋಡಿಕೊಂಡ ಎಯಿಜಿ ತ್ಸುಬುರಾಯಾ ಮಾಡಿದ್ದೂ ಇದನ್ನೇ, ಕ್ಯಾಮೆರಾ ಜೋರಾಗಿ ಓಡಿಸಿ, 50 ಮೀಟರ್ ಎತ್ತರದ ಪ್ರಾಣಿಗೆ ತಕ್ಕ ಭಾರ ತಂದರು.

ಆದರೆ ಇದರ ಬೆಲೆ ತೆತ್ತವರು ಒಳಗಿದ್ದವರು. ಕ್ಯಾಮೆರಾ ಜೋರಾಗಿ ಓಡಿದರೆ ಪ್ರತಿ ಫ್ರೇಮ್‌ಗೆ ಸಿಗುವ ಬೆಳಕು ಕಡಿಮೆ, ಅದಕ್ಕೆ ಇನ್ನೂ ಜಾಸ್ತಿ ಲೈಟ್ ಹಾಕಬೇಕು, ಲೈಟ್ ಹೆಚ್ಚಿದಷ್ಟೂ ಸೆಟ್ ಕಾಯುತ್ತದೆ, ಸೂಟ್ ಒಳಗಿರುವವರು ಬೇಯುತ್ತಾರೆ. ಅದರ ಮೇಲೆ, ತೆರೆಯಲ್ಲಿ ಎಲ್ಲವೂ ನಿಧಾನವಾಗುವುದರಿಂದ ಅವರು ಮಾಮೂಲಿಗಿಂತ ಬೇಗ ಬೇಗ ಚಲಿಸಬೇಕು. ಶಾಟ್ ಮುಗಿದ ಮೇಲೆ ಸೂಟ್‌ನಿಂದ ಬೆವರು ಬಸಿಯಬೇಕಾಗುತ್ತಿತ್ತು.

ಮುಖ ಕಾಣಲ್ಲ, ದನಿಯೂ ಅವರದ್ದಲ್ಲ. ಆ ಗರ್ಜನೆ ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಅವರ ಐಡಿಯಾ, ಡಬಲ್ ಬೇಸ್ ಅನ್ನುವ ದೊಡ್ಡ ಪಿಟೀಲಿನಂಥ ವಾದ್ಯದ ತಂತಿಯನ್ನು ಚರ್ಮದ ಗ್ಲೌಸ್‌ನಿಂದ ಉಜ್ಜಿ ತೆಗೆದದ್ದು. ನಕಾಜಿಮಾ ಕೈಯಲ್ಲಿ ಉಳಿದದ್ದು ಭುಜ, ಕತ್ತು, ಹೆಜ್ಜೆ ಅಷ್ಟೇ. ಅಷ್ಟರಲ್ಲೇ ಅವರು ಒಂದು ಪ್ರಾಣಿಗೆ ಸ್ವಭಾವ ಕೊಟ್ಟರು. ನನ್ನ ಮಟ್ಟಿಗೆ ಇದು ದೊಡ್ಡ ನಟನೆ, ಹಾಗಾಗಿ ಅವರ ಭಾಗದಲ್ಲಿ ಕಟ್ಟಡ ಬೀಳುವ ಶಾಟ್ ಕಡಿಮೆ ಮಾಡಿ, ನಡಿಗೆಯನ್ನೇ ಉದ್ದಕ್ಕೆ ಬಿಟ್ಟಿದ್ದೇನೆ.

ಮುಂದಿನ ವಿಡಿಯೋದಲ್ಲಿ ಕೆನ್ಪಚಿರೊ ಸತ್ಸುಮಾ. 1984ರಿಂದ 1995ರವರೆಗಿನ ಗಾಡ್ಜಿಲ್ಲಾ ಅವರೇ. ಏನಾದರೂ ಕೇಳಬೇಕಿದ್ದರೆ ಈಗಲೇ ಕಾಮೆಂಟ್ ಹಾಕಿ, ಸ್ಕ್ರಿಪ್ಟ್ ಇನ್ನೂ ಬರೆಯುತ್ತಿದ್ದೇನೆ.