ಕಕ್ಕಡದ ಮಳೆಯಲ್ಲಿ ಗೋಸುಂಬೆ ಮರಿ

ಎಲ್ಲರಿಗೂ ನಮಸ್ಕಾರ. ಕಕ್ಕಡ, ಅಂದರೆ ನಮ್ಮ ಕೊಡಗಿನ ಜುಲೈ-ಆಗಸ್ಟ್ ತಿಂಗಳ ಈ ಮಳೆಯಲ್ಲಿ ಮಡಿಕೇರಿಗೆ ಬಂದು ಕೂತಿದ್ದೀರಿ ಅಂದರೆ ನಿಮ್ಮ ಮನೆಯಲ್ಲಿ ಮೊಟ್ಟೆ ಒಡೆಯುತ್ತಿರಬೇಕು, ಇಲ್ಲವೇ ಮನೆಯಲ್ಲಿ ಕರೆಂಟ್ ಇಲ್ಲದಿರಬೇಕು. ಎರಡೂ ಇರಬಹುದು.

ನನಗೆ ಕೊಟ್ಟಿರುವ ವಿಷಯ ಸಾಕು ಗೋಸುಂಬೆಯ ಹೊಸ ಮರಿಗಳ ಆರೈಕೆ. ಇದನ್ನು ಮಳೆಗಾಲದಲ್ಲೇ ಮಾತಾಡಬೇಕು ಅಂತ ಹಟ ಹಿಡಿದವನು ನಾನೇ. ನಮ್ಮಲ್ಲಿ ಕೆಲವರು ಸಾಕುವ ವೇಲ್ಡ್ ಕಮೀಲಿಯನ್ ಅನ್ನುವ ಗೋಸುಂಬೆ ಜಾತಿಯ ಮೊಟ್ಟೆ ಒಡೆಯಲು ಆರರಿಂದ ಒಂಬತ್ತು ತಿಂಗಳು ಬೇಕು. ನವೆಂಬರ್-ಡಿಸೆಂಬರಿನ ಪುತ್ತರಿ ಹಬ್ಬದ ಹೊತ್ತಿಗೆ ಇಟ್ಟ ಮೊಟ್ಟೆ ಒಡೆಯುವುದು ಈ ಸುಡುಗಾಡು ಮಳೆಯಲ್ಲಿ. ಇಲ್ಲಿನವರು ನನಗೆ ಹೇಳುವುದು ಒಂದೇ ಮಾತು: "ಗೋಸುಂಬೆಗೆ ತೇವ ಬೇಕು ತಾನೇ ಡಾಕ್ಟ್ರೇ, ಕೊಡಗಲ್ಲಿ ತೇವಕ್ಕೇನು ಬರ?" ಬರ ಇಲ್ಲ, ಒಪ್ಪಿದೆ. ನಮ್ಮಲ್ಲಿ ಬರ ಇರುವುದು ಒಣಗುವುದಕ್ಕೆ. ಒದ್ದೆ ಮಾಡಿದ್ದು ಒಣಗಬೇಕು. ಇವತ್ತು ನಾನು ಏನೇ ಹೇಳಿದರೂ ಸುತ್ತಿ ಬಳಸಿ ಇಲ್ಲಿಗೇ ಬರುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ಭಾರತದ ಕಾಡುಮೇಡಿನಲ್ಲಿ ಇರುವ ಗೋಸುಂಬೆ ಒಂದೇ ಜಾತಿ, ಕಮೀಲಿಯೊ ಝೇಲಾನಿಕಸ್. ಮಳೆ ಕಡಿಮೆ ಇರುವ ಕಡೆ ಹೆಚ್ಚು ಕಾಣುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದಕ್ಕೆ ರಕ್ಷಣೆ ಇದೆ. ಹಿಡಿಯುವುದೂ ಅಪರಾಧ, ಸಾಕುವುದೂ ಅಪರಾಧ. ತೋಟದಲ್ಲಿ ಗುಂಡಿ ತೆಗೆಯುವಾಗ ಮೊಟ್ಟೆ ಸಿಕ್ಕಿತು, ಮರಿ ಮಾಡಿಸಲಾ ಅಂತ ನನ್ನನ್ನು ಕೇಳಬೇಡಿ. ಮಣ್ಣು ಮುಚ್ಚಿ, ಅರಣ್ಯ ಇಲಾಖೆಗೆ ಫೋನ್ ಮಾಡಿ.

ನಾನು ಹೇಳುತ್ತಿರುವುದು ಹೊರದೇಶದ ಮೂಲದ, ಸಾಕಿದಲ್ಲೇ ಹುಟ್ಟಿದ ಪ್ರಾಣಿಗಳ ಬಗ್ಗೆ. ಯೆಮನ್ ಮತ್ತು ಸೌದಿ ಅರೇಬಿಯಾದ ವೇಲ್ಡ್ ಕಮೀಲಿಯನ್, ಮಡಗಾಸ್ಕರಿನ ಪ್ಯಾಂಥರ್ ಕಮೀಲಿಯನ್. ಇವು ಸೈಟಿಸ್ ಪಟ್ಟಿಯಲ್ಲಿವೆ, ಅಂದರೆ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ. 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, 2024ರಲ್ಲಿ ನೋಂದಣಿಯ ನಿಯಮ ಬಂತು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಆದರೆ ಅದನ್ನೂ ತಿಳಿಸಬೇಕು. ಕಾಗದಪತ್ರ ಇಲ್ಲ, ಅದಕ್ಕೇ ರೇಟು ಕಡಿಮೆ ಅನ್ನುವವರ ಹತ್ತಿರ ಹೋಗಲೇಬೇಡಿ. ಕಾನೂನು ಮುಗಿಯಿತು.

ಈಗ ಒಬ್ಬ ಅಜ್ಜಿಯ ಕತೆ. ಹಿಂದೆ ಕೇಳಿದವರು ಇಲ್ಲಿ ಒಂದಿಬ್ಬರು ಇದ್ದೀರಿ, ನಗುತ್ತಿದ್ದೀರಿ. ಇರಲಿ, ಇನ್ನೊಂದು ಸಲ ಕೇಳಿ.

ಸುಂಟಿಕೊಪ್ಪದ ಕಡೆ ಒಂದು ತೋಟದ ಮನೆ. ಮೊಮ್ಮಗನಿಗೆ ಬೆಂಗಳೂರಲ್ಲಿ ಕೆಲಸ. ವೇಲ್ಡ್ ಕಮೀಲಿಯನ್ ಜೋಡಿ ಸಾಕಿದ್ದ, ಎಲ್ಲಾ ದಾಖಲೆ ಸರಿಯಾಗಿ. ಹೆಣ್ಣು ಮೊಟ್ಟೆ ಇಟ್ಟಿತು. ಇವು ಒಂದು ಸಲಕ್ಕೆ 30, 40, ಕೆಲವೊಮ್ಮೆ 70 ಮೊಟ್ಟೆಯೂ ಇಡುತ್ತವೆ. ಅವನು ತೇವ ಹಿಡಿದಿಡುವ ವರ್ಮಿಕ್ಯುಲೈಟ್ ಅನ್ನುವ ಖನಿಜದ ಪುಡಿಯನ್ನು ಒದ್ದೆ ಮಾಡಿ ತುಂಬಿದ ಡಬ್ಬದಲ್ಲಿ ಮೊಟ್ಟೆಗಳನ್ನು ಜೋಡಿಸಿ, ಪ್ರತಿ ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲ್‌ನಲ್ಲಿ ಚುಕ್ಕೆ ಹಾಕಿದ. ಕರಿಮೆಣಸಿನ ಚೀಲಗಳಿದ್ದ ಕೋಣೆಯಲ್ಲಿಟ್ಟು, ಅಜ್ಜಿಗೆ ಒಪ್ಪಿಸಿ ಬೆಂಗಳೂರಿಗೆ ಹೋದ. ಅಜ್ಜಿ ಜೀವಮಾನವಿಡೀ ಕೋಳಿ ಸಾಕಿದವರು. ಮೊಟ್ಟೆ ಅಂದರೆ ಅವರಿಗೆ ಹೇಳಿಕೊಡುವವರು ಯಾರು?

ಮೊದಲ ಜಗಳ ಆ ಪೆನ್ಸಿಲ್ ಚುಕ್ಕೆಯದು. ಕೋಳಿ ಕಾವಿಗೆ ಕೂತರೆ ಮೊಟ್ಟೆಯನ್ನು ಕೊಕ್ಕಿನಿಂದ ಹೊರಳಿಸುತ್ತಾ ಇರುತ್ತದೆ. ಇವನು ನೋಡಿದರೆ ಚುಕ್ಕೆ ಮೇಲೇ ಇರಬೇಕು, ಹೊರಳಿಸಲೇ ಬಾರದು ಅನ್ನುತ್ತಾನೆ. ಅಜ್ಜಿ ನನಗೇ ಫೋನ್ ಮಾಡಿದರು, ಹುಡುಗನಿಗೆ ತಲೆ ಸರಿ ಇದೆಯಾ ಅಂತ. ಇದೆ ಅಂದೆ. ಗೋಸುಂಬೆಯ ಭ್ರೂಣ ಚಿಪ್ಪಿನ ಒಳಗೋಡೆಗೆ ಅಂಟಿಕೊಂಡು ಬೆಳೆಯುತ್ತದೆ. ಆಮೇಲೆ ಹೊರಳಿಸಿದರೆ ಸಾಯಬಹುದು. ಅಜ್ಜಿ ಒಪ್ಪಿದರು, ಆದರೆ ಒಪ್ಪಿದ ಧ್ವನಿ ಅದಲ್ಲ.

ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ಮತ್ತೆ ಫೋನ್. "ಡಾಕ್ಟ್ರೇ, ನಿಮ್ಮ ಮೊಟ್ಟೆಗಳು ಬೆವರ್ತಾ ಇವೆ." ನನ್ನ ಮೊಟ್ಟೆಗಳಂತೆ! ಆದರೆ ಅಜ್ಜಿ ನೋಡಿದ್ದು ನೂರಕ್ಕೆ ನೂರು ಸರಿ. ಒಡೆಯುವ ಮುಂಚೆ ಚಿಪ್ಪಿನ ಮೇಲೆ ಸಣ್ಣ ಹನಿಗಳು ಮೂಡುತ್ತವೆ, ಮೊಟ್ಟೆ ಸ್ವಲ್ಪ ಕುಗ್ಗುತ್ತದೆ. ಆಮೇಲೆ ಒಂದು ತುದಿ ಸೀಳಿ ಮೂತಿ ಹೊರಗೆ ಬರುತ್ತದೆ. ಬಂದ ಮೇಲೆ ಮರಿ ಅಲ್ಲೇ ನಿಂತುಬಿಡುತ್ತದೆ. ತಲೆ ಹೊರಗೆ, ಮೈ ಒಳಗೆ. ಗಂಟೆಗಟ್ಟಲೆ, ಕೆಲವು ಸಲ ಒಂದು ದಿನ. ಮೊಮ್ಮಗ ವಿಡಿಯೋ ಕಾಲ್‌ನಲ್ಲಿ ನೋಡಿ ಗಾಬರಿಯಾದ. "ಅಜ್ಜೀ, ಸಿಕ್ಕಿಹಾಕ್ಕೊಂಡಿದೆ, ಮೆಲ್ಲಗೆ ಎಳೀರಿ." ಅಜ್ಜಿ ಏನಂದರು ಗೊತ್ತಾ? "ಕೋಳಿಮರೀನ ಯಾರಾದ್ರೂ ಎಳೀತಾರೇನೋ? ಸುಮ್ನಿರು."

ಅಜ್ಜಿಗೆ ಅಲ್ಲಿ ಪೂರ್ಣ ಅಂಕ. ಆ ಹೊತ್ತಿನಲ್ಲಿ ಮರಿ ಉಳಿದ ಹಳದಿ ಭಾಗವನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಎಳೆದರೆ ಆ ಚೀಲ ಹರಿದು ರಕ್ತ ಬರುತ್ತದೆ. ಆ ಹಳದಿಯ ಬಲದಲ್ಲೇ ಮರಿ ಮೊದಲ ಒಂದೆರಡು ದಿನ ಊಟ ಇಲ್ಲದೆ ಇರಬಲ್ಲದು. ಹುಟ್ಟಿದ ದಿನವೇ ತಿನ್ನಲಿಲ್ಲ ಅಂತ ಯಾರೂ ಬಾಯಿ ತೆರೆಸಿ ತುರುಕಬೇಡಿ.

ಸಂಜೆ ನಾನು ಅಲ್ಲಿ ಮುಟ್ಟಿದಾಗ ಮಾತ್ರ ಅಜ್ಜಿಯ ಕೋಳಿ ವಿದ್ಯೆ ಮಿತಿ ಮೀರಿತ್ತು. ಮರಿಗಳನ್ನು ಬುಟ್ಟಿಗೆ ಹಾಕಿ, ಮೇಲೆ ದೊಡ್ಡ ಬಲ್ಬ್ ಇಳಿಬಿಟ್ಟು, ಸುತ್ತ ಒದ್ದೆ ಗೋಣಿಚೀಲ ಹೊದಿಸಿದ್ದರು. ಒಳಗೆ ಒಂದು ತಟ್ಟೆ ನೀರು, ಒಂದು ಹಿಡಿ ನುಚ್ಚು. ನುಚ್ಚು ನೋಡಿ ನಾನು ನಕ್ಕೆ, ಗೋಣಿ ಎತ್ತಿದ ಮೇಲೆ ನಗು ನಿಂತಿತು. ಒಳಗೆ ಬಿಸಿ, ಒದ್ದೆ, ಗಾಳಿಯ ಸುಳಿವಿಲ್ಲ. ಮರಿಗಳು ಬಿಳಿಚಿಕೊಂಡು ಬಾಯಿ ತೆರೆದು ಕೂತಿದ್ದವು. ಅದು ಸೆಕೆ ತಾಳಲಾಗದ ಲಕ್ಷಣ. ಗೋಣಿ ತೆಗೆಸಿದೆ, ಬಲ್ಬ್ ಬದಲಿಸಿದೆ, ಬುಟ್ಟಿಯ ಬದಲು ಜಾಲರಿ ಗೂಡು ಇಡಿಸಿದೆ. "ಚಳಿ ಆಗಲ್ವಾ ಡಾಕ್ಟ್ರೇ?" ಅಂದರು ಅಜ್ಜಿ. ರಾತ್ರಿ 18, 20 ಡಿಗ್ರಿ ಇದ್ದರೆ ಏನೂ ಆಗುವುದಿಲ್ಲ ಅಂದೆ. "ಅಷ್ಟಕ್ಕೆ ನಂಗೇ ಚಳಿ" ಅಂತ ಶಾಲು ಎಳೆದುಕೊಂಡರು. ಆಮೇಲೆ ಆ ಮರಿಗಳನ್ನು ಅಜ್ಜಿ ನೋಡಿಕೊಂಡಷ್ಟು ಚೆನ್ನಾಗಿ ಮೊಮ್ಮಗನೂ ನೋಡಿಕೊಳ್ಳಲಿಲ್ಲ. ಕತೆ ಉದ್ದವಾಯಿತು. ಆದರೆ ನನ್ನ ವಿಷಯ ಪೂರ್ತಿ ಆ ಗೋಣಿಚೀಲದೊಳಗೇ ಇದೆ.

ಯೋಚಿಸಿ. ಹೊಸ ಮರಿಯ ತೂಕ ಒಂದು ಗ್ರಾಂ, ಒಂದೂವರೆ ಗ್ರಾಂ. ಇಷ್ಟು ಸಣ್ಣ ಮೈ ಬೇಗ ಒಣಗುತ್ತದೆ, ಬೇಗ ಕಾಯುತ್ತದೆ. ಹಾಗಾಗಿ ನೀರು ಬೇಕೇ ಬೇಕು. ತಟ್ಟೆಯಲ್ಲಿ ನಿಂತ ನೀರನ್ನು ಇವು ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ. ಎಲೆಯ ಮೇಲೆ ಹೊಳೆಯುವ ಹನಿಯನ್ನು ನೆಕ್ಕುತ್ತವೆ. ಅದಕ್ಕೇ ಸಣ್ಣ ಹನಿಯ ಸ್ಪ್ರೇ, ದಾಸವಾಳದ ಗಿಡ, ಮನಿ ಪ್ಲಾಂಟ್. ಕಣ್ಣು ಗುಳಿ ಬಿದ್ದರೆ, ಹಿಕ್ಕೆಯ ಬಿಳಿ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ನೀರು ಸಾಲುತ್ತಿಲ್ಲ ಅಂತ ಅರ್ಥ.

ಇಷ್ಟು ಎಲ್ಲರೂ ಮಾಡುತ್ತಾರೆ. ಆಮೇಲೆ ನಡೆಯುವುದೇ ಗೋಣಿಚೀಲದ ಕೆಲಸ. ದಿನಕ್ಕೆ ನಾಲ್ಕು ಸಲ, ಐದು ಸಲ ಸ್ಪ್ರೇ. ಗಾಜಿನ ಟ್ಯಾಂಕ್. ಕಿಟಕಿ ಮುಚ್ಚಿದ ಕೋಣೆ. ನಮ್ಮ ಬಟ್ಟೆಯೇ ಒಣಗದ ದಿನಗಳಲ್ಲಿ ಆ ಎಲೆ ಯಾವಾಗ ಒಣಗಬೇಕು? ಕೆಳಗೆ ಹಾಸಿದ ಟಿಶ್ಯೂ ಮೇಲೆ ಬೂಸ್ಟು ಬರುತ್ತದೆ, ಸತ್ತ ನೊಣ ಕೊಳೆಯುತ್ತದೆ, ಮರಿಯ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ತಲೆ ಮೇಲೆತ್ತಿ ಬಾಯಿ ತೆರೆದು ಉಸಿರಾಡುತ್ತದೆ, ಬಾಯಲ್ಲಿ ಲೋಳೆ. ಆ ಹಂತಕ್ಕೆ ಬಂದ ಒಂದು ಗ್ರಾಂ ಪ್ರಾಣಿಗೆ ನಾನೇನು ಔಷಧಿ ಕೊಡಲಿ ಹೇಳಿ?

ಹಾಗಾದರೆ ಕಕ್ಕಡದಲ್ಲಿ ಏನು ಮಾಡುವುದು? ನಾಲ್ಕೂ ಕಡೆ ಗಾಳಿ ಆಡುವ ಜಾಲರಿ ಗೂಡು. ಬೆಳಿಗ್ಗೆ ದೀಪ ಹಾಕುವ ಹೊತ್ತಿಗೆ ಒಮ್ಮೆ ಸ್ಪ್ರೇ, ಕುಡಿದು ಮುಗಿಸುವವರೆಗೆ. ಆಮೇಲೆ ಎಲೆ ಒಣಗುವವರೆಗೆ ಬಾಟಲಿ ಮುಟ್ಟಬೇಡಿ. ಮಧ್ಯಾಹ್ನವಾದರೂ ಒಣಗಿಲ್ಲವೇ? ಕೋಣೆಯ ಇನ್ನೊಂದು ಮೂಲೆಯಲ್ಲಿ ಟೇಬಲ್ ಫ್ಯಾನ್ ಹಾಕಿ, ಗೂಡಿನ ಕಡೆಗಲ್ಲ, ಗೋಡೆಯ ಕಡೆಗೆ ತಿರುಗಿಸಿ. ಟಿಶ್ಯೂ ದಿನವೂ ಬದಲಿಸಿ. ಇನ್ನೊಂದು ಮುಖ್ಯ ಮಾತು. ಒಣಗಲಿ ಅಂತ ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ಕರಿಮೀನಿಗೆ, ಮೆಣಸಿಗೆ ಆ ಜಾಗ ಸರಿ. ಹೊಗೆ ಕುಡಿದ ಮರಿ ಬದುಕುವುದಿಲ್ಲ.

ಬಿಸಿಯ ಲೆಕ್ಕ ಚಿಕ್ಕದು. ದೀಪದ ಕೆಳಗಿನ ಕೊಂಬೆಯಲ್ಲಿ 28, 29 ಡಿಗ್ರಿ ಸಾಕು, ದೊಡ್ಡದಕ್ಕೆ ಇಡುವಷ್ಟು ಬೇಡ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಕೊಡುವ ಯುವಿಬಿ ದೀಪ ಬೇರೆಯೇ ಬೇಕು, ಇಲ್ಲದಿದ್ದರೆ ಡಿ3 ವಿಟಮಿನ್ ಆಗುವುದಿಲ್ಲ, ಮೂಳೆ ಮೆತ್ತಗಾಗಿ ಕಾಲು ಬಾಗುತ್ತದೆ. ಕಿಟಕಿ ಪಕ್ಕ ಇಟ್ಟಿದ್ದೇವಲ್ಲ ಅನ್ನುತ್ತಾರೆ. ಕಿಟಕಿ ಗಾಜು ಯುವಿಬಿಯನ್ನು ತಡೆಯುತ್ತದೆ. ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ಯುವಿಬಿ ಇಲ್ಲ ಅಂತ ಮರಿ ಸಾಯುವುದಿಲ್ಲ, ಗಾಬರಿ ಬೇಡ. ಇನ್ವರ್ಟರ್‌ನಲ್ಲಿ ಒಂದೇ ಜಾಗ ಉಳಿದಿದ್ದರೆ ಬಿಸಿಯ ಬಲ್ಬಿಗೆ ಕೊಡಿ. ಟಿವಿಗೆ ಅಲ್ಲ.

ಊಟ. ಮರಿಯ ಎರಡು ಕಣ್ಣುಗಳ ನಡುವಿನ ಜಾಗಕ್ಕಿಂತ ದೊಡ್ಡ ಹುಳು ಹಾಕಬಾರದು. ಅಂದರೆ ಹಾರಲಾಗದ ಹಣ್ಣುನೊಣ, ಆಗಷ್ಟೇ ಹುಟ್ಟಿದ ಮಿಡತೆಯಂಥ ಕ್ರಿಕೆಟ್ ಮರಿ. ಒಂದೊಂದು ಮರಿ ದಿನಕ್ಕೆ ಹತ್ತಾರು ನೊಣ ತಿನ್ನುತ್ತದೆ. 30 ಮರಿಗೆ ನೀವೇ ಗುಣಿಸಿ. ಇಲ್ಲಿ ನಮ್ಮ ಹವೆ ಮತ್ತೆ ಕೈಕೊಡುತ್ತದೆ. 25 ಡಿಗ್ರಿಯಲ್ಲಿ ಹಣ್ಣುನೊಣ ಮೊಟ್ಟೆಯಿಂದ ನೊಣ ಆಗಲು ಹತ್ತು ದಿನ ಸಾಕು. 18 ಡಿಗ್ರಿಯಲ್ಲಿ ಹೆಚ್ಚುಕಮ್ಮಿ ಅದರ ಎರಡರಷ್ಟು. ಮೊಟ್ಟೆ ಬೆವರಿದ ಮೇಲೆ ನೊಣದ ಬಾಟಲಿ ಶುರು ಮಾಡಿದರೆ ಕೆಟ್ಟಿರಿ. ತಿಂಗಳ ಮುಂಚೆಯೇ ಮಾಡಿ, ಒಂದರ ಹಿಂದೆ ಒಂದು. ಬಾಳೆಹಣ್ಣು, ಸ್ವಲ್ಪ ಯೀಸ್ಟ್, ಬಾಯಿಗೆ ಬಟ್ಟೆ. ಅದರಲ್ಲೂ ತೇವ ಜಾಸ್ತಿಯಾದರೆ ಬೂಸ್ಟು, ನೋಡಿ, ಮತ್ತೆ ಅಲ್ಲಿಗೇ ಬಂದೆ.

ತೋಟದಲ್ಲಿ ಹುಳುವಿಗೆ ಏನು ಕಡಿಮೆ, ಬಲೆ ಬೀಸಿ ಹಿಡಿಯೋಣ ಅನ್ನಿಸುತ್ತದೆ. ಕಾಫಿ ಗಿಡ ಕೊರೆಯುವ ಬೋರರ್ ಹುಳುವಿಗೆ ಅಂತ ಔಷಧಿ ಹೊಡೆಯದ ಕಾಫಿ ತೋಟ ಎಷ್ಟಿವೆ? ಪಕ್ಕದ ತೋಟದಲ್ಲಿ ಯಾವಾಗ ಹೊಡೆದರು ಅಂತ ನಿಮಗೆ ಗೊತ್ತಿರುತ್ತದಾ? ಬೇಡ. ನೊಣಕ್ಕೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಪುಡಿ, ತೆಳ್ಳಗೆ ಸವರಿ ಹಾಕಿ. ಹುಳುಗಳಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ, ಅದಕ್ಕೇ ಇದು ಹೆಚ್ಚುಕಮ್ಮಿ ದಿನವೂ ಬೇಕು. ಡಿ3 ಸೇರಿದ ಪುಡಿ ಮಾತ್ರ ತಿಂಗಳಿಗೆ ಎರಡು ಸಲ.

ಬಣ್ಣದ ಬಗ್ಗೆ ಕೇಳಿಯೇ ಕೇಳುತ್ತೀರಿ, ನಾನೇ ಹೇಳಿಬಿಡುತ್ತೇನೆ. ಇವು ಎಲೆಗೆ ತಕ್ಕ ಬಣ್ಣ ಹಾಕಿಕೊಂಡು ಮೋಸ ಮಾಡುವ ಪ್ರಾಣಿ ಅಲ್ಲ. ಚರ್ಮದೊಳಗೆ ಗ್ವಾನಿನ್ ಅನ್ನುವ ವಸ್ತುವಿನ ಅತಿ ಸಣ್ಣ ಹರಳುಗಳಿವೆ. ಅವುಗಳ ನಡುವಿನ ಅಂತರ ಬದಲಾದರೆ ಬಣ್ಣ ಬದಲಾಗುತ್ತದೆ. ಜಿನೀವಾದ ವಿಜ್ಞಾನಿಗಳು 2015ರಲ್ಲಿ ಪ್ಯಾಂಥರ್ ಕಮೀಲಿಯನ್‌ನಲ್ಲಿ ಇದನ್ನು ತೋರಿಸಿದರು. ಚಳಿ, ಸೆಕೆ, ಭಯ, ಸಿಟ್ಟು, ಎಲ್ಲಾ ಮೈಮೇಲೆ ಕಾಣುತ್ತದೆ. ಪಕ್ಷ ಬದಲಿಸುವವರು ಒಳಗಿನದ್ದನ್ನು ಇಷ್ಟು ನೇರವಾಗಿ ತೋರಿಸಿದ್ದರೆ ನಮಗೆ ಎಷ್ಟು ಅನುಕೂಲ ಇತ್ತು! ಬೆಳಿಗ್ಗೆ ಮರಿ ಕಪ್ಪಗಿದ್ದರೆ ಬಿಸಿ ಕಾಯಿಸಿಕೊಳ್ಳುತ್ತಿದೆ. ಮಧ್ಯಾಹ್ನವೂ ಕಪ್ಪಗಿದ್ದು ಕಣ್ಣು ಮುಚ್ಚಿದ್ದರೆ ಕಾಯಿಲೆ. ನೀವು ಕೈಗೆತ್ತಿಕೊಂಡಾಗ ಕಪ್ಪಾದರೆ, ಅದಕ್ಕೆ ನೀವು ಬೇಡ.

ಚೀಟಿ ಬಂತು. ಐದು ನಿಮಿಷವಂತೆ. ಅಜ್ಜಿಗೆ ಜಾಸ್ತಿ ಸಮಯ ಕೊಟ್ಟೆ, ಈಗ ಬೇಗ ಹೇಳುತ್ತೇನೆ.

ಎಲ್ಲಾ ಮರಿಗಳನ್ನು ಒಂದೇ ಗೂಡಿಗೆ ತುಂಬಿದರೆ ಬಲವಾದವು ತಿನ್ನುತ್ತವೆ, ಉಳಿದವು ಹಸಿದು ಹಿಂದೆ ಬೀಳುತ್ತವೆ, ಬಾಲ ಕಚ್ಚಾಟ ಶುರುವಾಗುತ್ತದೆ. ಹುಟ್ಟಿದ ದಿನದಿಂದಲೇ ಒಂದೊಂದನ್ನೂ ಬೇರೆ ಇಡಬೇಕು ಅನ್ನುವವರೂ ಇದ್ದಾರೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂಟಿಯಾಗಿ ಬೆಳೆದ ವೇಲ್ಡ್ ಮರಿಗಳು ಗುಂಪಿನಲ್ಲಿ ಬೆಳೆದವುಗಳಿಗಿಂತ ಅಂಜುಬುರುಕವಾಗಿ, ಮಂಕು ಬಣ್ಣದಲ್ಲಿ ಕಂಡವು. ಬೇಟೆಯಲ್ಲೂ ನಿಧಾನ. ಹಾಗಾಗಿ ನನ್ನ ಸಲಹೆ: ಮೊದಲ ವಾರಗಳಲ್ಲಿ ನಾಲ್ಕೈದರ ಸಣ್ಣ ಗುಂಪು, ಗಾತ್ರ ನೋಡಿ ವಿಂಗಡಿಸಿ, ಎರಡು ಮೂರು ತಿಂಗಳೊಳಗೆ ಒಂದೊಂದಕ್ಕೆ ಒಂದು ಗೂಡು. ಅಷ್ಟು ಗೂಡಿಗೆ ಜಾಗ ಇಲ್ಲದಿದ್ದರೆ ಅಷ್ಟು ಮೊಟ್ಟೆಗೆ ಕಾವು ಕೊಡಬೇಡಿ.

ಕೊಂಬೆ ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು ತೆಳ್ಳಗಿರಲಿ. ಗಂಡೋ ಹೆಣ್ಣೋ ಅಂತ ವೇಲ್ಡ್‌ನಲ್ಲಿ ಹುಟ್ಟಿದ ದಿನವೇ ತಿಳಿಯುತ್ತದೆ, ಗಂಡಿನ ಹಿಂಗಾಲಿನ ಹಿಮ್ಮಡಿಯಲ್ಲಿ ಸಣ್ಣ ಮುಳ್ಳಿರುತ್ತದೆ. ಭೂತಗನ್ನಡಿಯಲ್ಲಿ ನೋಡಿ, ಕೈಯಲ್ಲಿ ಹಿಡಿದು ಅಲ್ಲ.

ಸಾಕಲು ಆಗಲಿಲ್ಲ ಅಂತ ತೋಟಕ್ಕೆ ಬಿಡಬೇಡಿ. ಹವಾಯಿ ದ್ವೀಪಗಳಿಗೆ 1972ರಲ್ಲಿ ಸಾಕಲೆಂದು ಕೀನ್ಯಾದ ಜಾಕ್ಸನ್ ಕಮೀಲಿಯನ್ ತಂದರು. ತಪ್ಪಿಸಿಕೊಂಡವು ಕಾಡು ಸೇರಿ ಅಲ್ಲಿನ ಸ್ಥಳೀಯ ಕೀಟ, ಬಸವನಹುಳುಗಳನ್ನು ತಿನ್ನುತ್ತಿವೆ. ವೇಲ್ಡ್ ಕೂಡ ಫ್ಲಾರಿಡಾದಲ್ಲಿ ಹಾಗೇ ನೆಲೆಯೂರಿದೆ. ನಮ್ಮ ಪಶ್ಚಿಮ ಘಟ್ಟಕ್ಕೆ ಆ ಪಾಡು ಬೇಡ.

ಕ್ಯಾಲ್ಸಿಯಂ ಪುಡಿಗಳ ಬಗ್ಗೆ, ಸ್ಪ್ರೇ ನೀರಿನ ಬಗ್ಗೆ ಹೇಳುವುದು ಉಳಿಯಿತು. ಅದನ್ನು ಪ್ರಶ್ನೆಯಲ್ಲಿ ಕೇಳಿ. ಹಿಂದಿನ ಸಾಲಿನಲ್ಲಿ ಆಗಿನಿಂದ ಕೈ ಎತ್ತಿರುವ ಅಣ್ಣ, ನೀವೇ ಮೊದಲು. ಫೋಟೋ ತೋರಿಸುವ ಮುಂಚೆ ಒಂದು ಹೇಳಿ: ಗೂಡು ಗಾಜಿನದೋ, ಜಾಲರಿಯದೋ?