ಸಾವಿನೊಡನೆ ವಾದಕ್ಕೆ ನಿಂತ ಕವಿ

ಕೇಳುಗರಿಗೆ ನಮಸ್ಕಾರ.

1631ರ ಲಂಡನ್. ಇಂಗ್ಲಿಷ್ ಕವಿ ಜಾನ್ ಡನ್ ಆಗ ಸೇಂಟ್ ಪಾಲ್ಸ್ ಕೆಥೆಡ್ರಲಿನ ಡೀನ್, ಅಂದರೆ ಆ ದೊಡ್ಡ ಚರ್ಚಿನ ಮುಖ್ಯ ಪಾದ್ರಿ. ಇನ್ನು ಬದುಕಿ ಉಳಿಯುವ ಭರವಸೆ ಇರಲಿಲ್ಲ. ಕೋಣೆಯಲ್ಲಿ ಇದ್ದಿಲ ಬೆಂಕಿ ಹಾಕಿಸಿ, ಉಟ್ಟ ಬಟ್ಟೆ ಕಳಚಿ, ಹೆಣಕ್ಕೆ ಸುತ್ತುವ ಬಟ್ಟೆ ಹೊದ್ದು, ತಲೆಯ ಬಳಿ, ಕಾಲ ಬಳಿ ಗಂಟು ಹಾಕಿಸಿಕೊಂಡು, ಕಣ್ಣು ಮುಚ್ಚಿ ಮರದ ಕಲಶವೊಂದರ ಮೇಲೆ ನಿಂತ. ಚಿತ್ರಕಾರ ಆಳೆತ್ತರದ ಹಲಗೆಯ ಮೇಲೆ ಅವನನ್ನು ಬಿಡಿಸಿಕೊಂಡ. ಆ ಚಿತ್ರವನ್ನು ಡನ್ ಮಂಚದ ಪಕ್ಕದಲ್ಲೇ ಇಡಿಸಿಕೊಂಡಿದ್ದನಂತೆ. ಅವನ ಚರಿತ್ರೆ ಬರೆದ ಐಜಾಕ್ ವಾಲ್ಟನ್ ಹೇಳುವ ಸಂಗತಿ ಇದು.

ನಾಟಕದ ಮನುಷ್ಯ, ಸಂದೇಹವಿಲ್ಲ. ಆದರೆ ಸಾವು ಅವನಿಗೆ ಪುಸ್ತಕದ ವಿಷಯವಾಗಿರಲಿಲ್ಲ. ತಮ್ಮ ಹೆನ್ರಿ 1593ರಲ್ಲಿ ಸೆರೆಮನೆಯಲ್ಲೇ ತೀರಿಕೊಂಡ. ಹೆಂಡತಿ ಆ್ಯನ್ 1617ರಲ್ಲಿ ಹನ್ನೆರಡನೆಯ ಹೆರಿಗೆಯಾದ ಕೆಲವೇ ದಿನಗಳಲ್ಲಿ ಹೋದಳು.

ಹರೆಯದಲ್ಲಿ ಲಂಡನ್ನಿನ ವಕೀಲರ ಸಂಸ್ಥೆಯಾದ ಲಿಂಕನ್ಸ್ ಇನ್ನಿನಲ್ಲಿ ಕಾನೂನು ಓದಿದ್ದ ಡನ್, ‘ಡೆತ್ ಬಿ ನಾಟ್ ಪ್ರೌಡ್’ ಎಂದು ಶುರುವಾಗುವ ತನ್ನ ಪ್ರಸಿದ್ಧ ಸುನೀತದಲ್ಲಿ ಸಾವನ್ನೇ ಕಟಕಟೆಗೆ ಎಳೆಯುತ್ತಾನೆ. ಜಂಭ ಬೇಡ, ನೀನು ವಿಧಿಗೆ, ಆಕಸ್ಮಿಕಕ್ಕೆ, ಅರಸರಿಗೆ, ಹತಾಶರಿಗೆ ಆಳು. ವಿಷ, ಯುದ್ಧ, ರೋಗಗಳ ನೆರೆಯಲ್ಲಿ ವಾಸ. ನಿದ್ದೆ ಬರಿಸಲು ಗಸಗಸೆ ಗಿಡದ ರಸವೂ ಸಾಕು ಎಂದು ಹೀಯಾಳಿಸುತ್ತಾನೆ. ಕೊನೆಯ ಸಾಲಿನಲ್ಲಿ ಸಾವಿಗೇ ಸಾವು ವಿಧಿಸುತ್ತಾನೆ. ವಾದವಾಗಿ ನೋಡಿದರೆ ಇದರಲ್ಲಿ ತೂತುಗಳಿವೆ. ಸಾವು ಬರೀ ನಿದ್ದೆಯಾದರೆ ಅದನ್ನು ಕೊಲ್ಲುವ ಆತುರವೇಕೆ? ಹೆದರಿಕೆಯಿಲ್ಲದವನು ಇಷ್ಟು ಗದರುವುದಿಲ್ಲ. ಆ ಹೆದರಿಕೆ ಸಾಲುಗಳ ಕೆಳಗೆ ಮಿಡಿಯುವುದರಿಂದಲೇ ಕವಿತೆ ನಮ್ಮನ್ನು ಹಿಡಿಯುತ್ತದೆ ಎಂದು ನನಗನ್ನಿಸುತ್ತದೆ.

ಪ್ರೇಮಕವಿತೆಗಳಲ್ಲೂ ಅವನು ಗೋರಿಯನ್ನು ಬಿಡುವುದಿಲ್ಲ. ನನ್ನ ಗೋರಿಯನ್ನು ಇನ್ನೊಬ್ಬರನ್ನು ಹೂಳಲು ಯಾರಾದರೂ ಮತ್ತೆ ಅಗೆದರೆ, ನನ್ನ ಮೂಳೆಗೆ ಸುತ್ತಿಕೊಂಡ ನಲ್ಲೆಯ ಹೊಳೆಯುವ ಕೂದಲ ಬಳೆಯೊಂದು ಕಂಡೀತು ಎನ್ನುತ್ತಾನೆ. ಮೂಳೆ, ಕೂದಲು, ಪ್ರೀತಿ ಒಂದೇ ಉಸಿರಿನಲ್ಲಿ! ಇಂಥ ಬಲವಂತದ ಜೋಡಣೆಯನ್ನು ಹದಿನೆಂಟನೆಯ ಶತಮಾನದ ವಿಮರ್ಶಕ ಸ್ಯಾಮ್ಯುಯೆಲ್ ಜಾನ್ಸನ್ ಮೆಚ್ಚಲಿಲ್ಲ.

ಡನ್ ಕಾಲದವನೇ ಆದ ಕವಿ ಜಾರ್ಜ್ ಹರ್ಬರ್ಟ್ ಬೇರೆ ದಾರಿಯವನು. ಸಾವು ಮೊದಲು ವಿಕಾರವಾಗಿ ಕಂಡಿತ್ತು, ಕ್ರಿಸ್ತನ ಬಲಿದಾನದ ನಂತರ ಅದರ ಮುಖಕ್ಕೆ ಕಳೆ ಬಂದಿದೆ ಎಂದು ಶಾಂತವಾಗಿ ಹೇಳಿಬಿಡುತ್ತಾನೆ. ಅವರ ನಂತರದ ಕವಿ ಆ್ಯಂಡ್ರೂ ಮಾರ್ವೆಲ್‌ಗೆ ಈ ಭರವಸೆಯೂ ಬೇಕಿಲ್ಲ. ಗೋರಿ ಒಳ್ಳೆಯ ಏಕಾಂತದ ಜಾಗವೇ, ಆದರೆ ಅಲ್ಲಿ ಯಾರೂ ತಬ್ಬಿಕೊಂಡದ್ದನ್ನು ಕಾಣೆ ಎಂದು ನಲ್ಲೆಯನ್ನು ಅವಸರಪಡಿಸುತ್ತಾನೆ. ಆ ಕವಿತೆ ಅಚ್ಚಾದದ್ದು 1681ರಲ್ಲಿ, ಕವಿ ತೀರಿಕೊಂಡ ಮೂರು ವರ್ಷಗಳ ಮೇಲೆ.

ನಮಸ್ಕಾರ.