ಔಷಧ ಇರುವುದು ಬೇರೆ, ಕೈಗೆ ಸಿಗುವುದು ಬೇರೆ

ಕೇಳುಗರಿಗೆ ನಮಸ್ಕಾರ.

ವಿಜಯಪುರ, ಬಾಗಲಕೋಟೆ ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದಲ್ಲಿದ್ದಾರೆ. ಅವರ ತಂದೆ-ತಾಯಿ ನನ್ನ ದವಾಖಾನೆಗೆ ಬಂದಾಗ, "ಅಲ್ಲೇನ್ ಬಿಡ್ರಿ ಸಾಹೇಬ್ರ, ಎಲ್ಲಾ ಸರ್ಕಾರನ ನೋಡ್ಕೋತೈತಿ" ಅನ್ನುತ್ತಾರೆ. ದಯವಿಟ್ಟು ಹಾಗೆ ನಂಬಿಕೊಂಡು ಕೂರಬೇಡಿ. ಅಲ್ಲಿ ಔಷಧ ಇರುವುದು ಬೇರೆ, ಅದು ಕೈಗೆ ಸಿಗುವುದು ಬೇರೆ.

2018ರಲ್ಲಿ ಇಂಡಿ ಕಡೆಯ ಒಬ್ಬ ನಿವೃತ್ತ ಶಿಕ್ಷಕಿ ನನ್ನ ಹತ್ತಿರ ಬಂದರು. "ಇನ್ಸುಲಿನ್ ಬರದ್ ಕೊಡ್ರಿ, ಮೂರು ತಿಂಗಳಿಗೆ ಆಗೂವಷ್ಟು" ಅಂದರು. ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಯಾರಿಗಮ್ಮಾ ಅಂದೆ. "ಮಗಳಿಗ್ರಿ. ಅಮೆರಿಕಾಕ್ಕ ಒಯ್ಯಬೇಕು." ನಾನು ಕೇಳಿದ್ದು ಸರಿಯಾ ಅಂತ ಮತ್ತೊಮ್ಮೆ ಕೇಳಿದೆ. ವಿಜಯಪುರದಿಂದ ಅಮೆರಿಕಕ್ಕೆ ಇನ್ಸುಲಿನ್!

ಮಗಳ ನೌಕರಿ ಹೋಗಿತ್ತು, ಅದರ ಜೊತೆಗೆ ವಿಮೆಯೂ ಹೋಗಿತ್ತು. ಆಗ ಅಲ್ಲಿ ಹೊಸ ನಮೂನೆಯ ಇನ್ಸುಲಿನ್ ಒಂದು ಸೀಸೆಗೆ 275 ಡಾಲರ್ ಆಸುಪಾಸು ಇತ್ತು. ನಮ್ಮಲ್ಲಿ ಸಾದಾ ಇನ್ಸುಲಿನ್ ಸೀಸೆ 200 ರೂಪಾಯಿಯೊಳಗೆ ಸಿಗುತ್ತಿತ್ತು. ಮಗಳ ಜೊತೆ ಫೋನಿನಲ್ಲಿ ಮಾತಾಡಿದೆ. ಡೋಸು ದಿನಾ ಅರ್ಧರ್ಧ ಮಾಡಿ ಚುಚ್ಚಿಕೊಳ್ಳುತ್ತಿದ್ದಳು, ಉಳಿಯಲಿ ಅಂತ. ಕಲಿತ ಹುಡುಗಿ! ಎರಡು ಬೀದಿ ದಾಟಿದರೆ ಔಷಧದ ಅಂಗಡಿ, ಅಂಗಡಿ ತುಂಬ ಇನ್ಸುಲಿನ್.

ತಾಯಿಗೆ ಎಲ್ಲ ಬಿಡಿಸಿ ಹೇಳಿದೆ. ಸೀಸೆ ಕೈಚೀಲದಲ್ಲೇ ಇರಲಿ, ವಿಮಾನದ ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ ಬೇಡ, ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಸಿರಿಂಜನ್ನೂ ಇಲ್ಲಿಂದಲೇ ಒಯ್ಯಿರಿ, ಕೆಂಪು ಮುಚ್ಚಳದ್ದು. ನಮ್ಮ ಸೀಸೆ 40ರದ್ದು, ಅಂದರೆ ಒಂದು ಮಿಲಿಲೀಟರಿನಲ್ಲಿ 40 ಯುನಿಟ್ ಇನ್ಸುಲಿನ್; ಅಲ್ಲಿಯ ಸಿರಿಂಜು 100ರ ಲೆಕ್ಕದ್ದು, ಕಿತ್ತಳೆ ಮುಚ್ಚಳದ್ದು. ಅದರಲ್ಲಿ ಅಳೆದರೆ ಬೇಕಾದ ಅರ್ಧದಷ್ಟೂ ಮೈಗೆ ಹೋಗುವುದಿಲ್ಲ. ಆ ತಾಯಿ ಎಲ್ಲವನ್ನೂ ಪಾಠದ ಟಿಪ್ಪಣಿ ಥರ ಬರೆದುಕೊಂಡು ಹೋದರು.

ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ಅದರ ಹಿಂದಿದ್ದ ಸಂಶೋಧಕರಾದ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಅದರ ಪೇಟೆಂಟ್ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಎಲ್ಲರಿಗೂ ಸಿಗಲಿ ಅಂತ ತಾನೆ! ಅಮೆರಿಕದಲ್ಲಿ ಮೆಡಿಕೇರ್, ಅಂದರೆ ಮುಖ್ಯವಾಗಿ ವಯಸ್ಸಾದವರ ಸರ್ಕಾರಿ ವಿಮೆ, ಇರುವವರಿಗೆ ಇನ್ಸುಲಿನ್ ಖರ್ಚು ತಿಂಗಳಿಗೆ 35 ಡಾಲರ್ ದಾಟಬಾರದು ಅನ್ನುವ ಮಿತಿ ಬಂದದ್ದು 2023ರಲ್ಲಿ. ನೂರು ವರ್ಷ ಬೇಕಾಯಿತು. ಆಮೇಲೆ ಕಂಪನಿಗಳೂ ದರ ಇಳಿಸಿವೆ, ಒಳ್ಳೆಯದೇ. ಆದರೆ ಅದು ಒಂದು ಔಷಧದ ಮಾತು.

ವಿಮೆ ನೌಕರಿಗೆ ಅಂಟಿಕೊಂಡದ್ದು ಹೇಗೆ? ಎರಡನೇ ಮಹಾಯುದ್ಧದಲ್ಲಿ ಸರ್ಕಾರ ಪಗಾರ ಹೆಚ್ಚಿಸದಂತೆ ತಡೆ ಹಾಕಿತು. ಕಂಪನಿಗಳು ಪಗಾರದ ಬದಲು ವಿಮೆ ಕೊಟ್ಟು ಜನರನ್ನು ಹಿಡಿದಿಟ್ಟುಕೊಂಡವು. ಯುದ್ಧ ಮುಗಿಯಿತು, ಪದ್ಧತಿ ಉಳಿಯಿತು. 1965ರಲ್ಲಿ 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಬಂದವು. 2010ರಲ್ಲಿ ಇನ್ನಷ್ಟು ಜನರಿಗೆ ವಿಮೆ ಸಿಗಲಿ ಅಂತ ಅಧ್ಯಕ್ಷ ಒಬಾಮಾ ಕಾಲದ ಕಾನೂನು ಬಂತು. ಆದರೂ 2023ರಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಜನರಿಗೆ ಯಾವ ವಿಮೆಯೂ ಇರಲಿಲ್ಲ. ದೇಶದ ನೂರು ಡಾಲರ್ ಆದಾಯದಲ್ಲಿ 17 ಡಾಲರಿಗೂ ಜಾಸ್ತಿ ಆರೋಗ್ಯಕ್ಕೇ ಖರ್ಚಾಗುತ್ತದೆ, ಅಂಥ ದೇಶದ ಮಾತಿದು. ಹಣ ಇರುವುದು ಬೇರೆ, ಔಷಧ ಕೈಗೆ ಸಿಗುವುದು ಬೇರೆ.

ತುರ್ತು ಚಿಕಿತ್ಸೆ? 1986ರ ಕಾನೂನಿನಂತೆ ಆಸ್ಪತ್ರೆಯವರು ರೋಗಿಯನ್ನು ಸುಮ್ನೆ ವಾಪಸ್ ಕಳಿಸುವಂತಿಲ್ಲ, ನೋಡಲೇಬೇಕು. ಬಿಲ್ಲು ಮಾತ್ರ ಆಮೇಲೆ ಮನೆಗೆ ಬರುತ್ತದೆ.

ಸಮಯ ಆಗುತ್ತಾ ಬಂತು. ಮಕ್ಕಳ ಹತ್ತಿರ ಹೋಗುವವರು ಚಪಾತಿ, ಶೇಂಗಾ ಹಿಂಡಿ ಕಟ್ಟಿಕೊಳ್ಳುವ ಮೊದಲು ಪ್ರವಾಸ ವಿಮೆ ಮಾಡಿಸಿ. ಏಜೆಂಟರನ್ನು ನೇರವಾಗಿ ಕೇಳಿ: ನನ್ನ ಹಳೆಯ ಬಿಪಿ, ಸಕ್ಕರೆ ಕಾಯಿಲೆಗೂ ಇದು ಅನ್ವಯಿಸುತ್ತದಾ? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಗುಳಿಗೆ, ವೈದ್ಯರ ಚೀಟಿ ಎರಡೂ ಕೈಚೀಲದಲ್ಲಿರಲಿ. ನಮಸ್ಕಾರ.